‘ತಪ್ಪಾಯ್ತು’ ಅಂದ ಮೇಲೆ

ಹಳೇಬೀಡಿನಲ್ಲಿ ನಾವು ಬಾಡಿಗೆಗಿದ್ದ ಮನೆಯಲ್ಲಿ ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ಒಂದು ಸಣ್ಣ ಕಿಟಕಿ ಇತ್ತು. ನಮಗಿಂತ ಮುಂಚೆ ಅಲ್ಲಿ ಯಾರೋ ಮೆಸ್ ನಡೆಸುತ್ತಿದ್ದರಂತೆ. ಊಟದ ತಟ್ಟೆ ದಾಟಿಸಲು ಮಾಡಿಸಿದ ಕಿಟಕಿ ಅದು. ನಮ್ಮ ಕಾಲಕ್ಕೆ ಮುಂದಿನ ಕೋಣೆ ನನ್ನ ಯಜಮಾನರ ಆಫೀಸಾಯಿತು. ಅವರು ವಕೀಲರು. ಆ ಕಿಟಕಿಯಿಂದ ಆಚೆಗೆ ಕಾಫಿ ಹೋಗುತ್ತಿತ್ತು, ಈಚೆಗೆ ಸುತ್ತಲ ಊರುಗಳ ಅಪರಾಧಗಳೆಲ್ಲ ಬರುತ್ತಿದ್ದವು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಸೊಪ್ಪು ಬಿಡಿಸುತ್ತ, ಅಕ್ಕಿ ಆರಿಸುತ್ತ ನಾನು ಕಾನೂನು ಕಲಿತದ್ದು ಹೀಗೆ.

ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಓದಿದ್ದು ಕಾನ್ವೆಂಟಿನಲ್ಲಿ. ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಹೇಳುತ್ತಿದ್ದರು, ಪಾಪದಲ್ಲಿ ಎರಡು ಬಗೆ, ಮನಸಾರೆ ಸಾರಿ ಅಂದರೆ ತೊಳೆದುಹೋಗುವುದು ಒಂದು, ಅಷ್ಟಕ್ಕೇ ಹೋಗದೆ ಇರುವುದು ಇನ್ನೊಂದು. ಮನೆಯಲ್ಲಿ ಬುದ್ಧನ ಪಟದ ಮುಂದೆ ಅಪ್ಪ ದಿನಾ ಸಂಜೆ ಪಂಚಶೀಲ ಹೇಳಿಸುತ್ತಿದ್ದರು. ಅದರಲ್ಲಿ ಎರಡನೆಯದು, ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಅನ್ನುವುದು. ಕದಿಯುವುದಿಲ್ಲ ಅಂತಲ್ಲ, ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಅಂತ. ಆ ಮಾತಿನ ರೀತಿ ನನಗೆ ಆಗಲೇ ಯಾಕೋ ಹಿಡಿಸಿತ್ತು. ತರಗತಿಯಲ್ಲಿ ಇನ್ನೊಬ್ಬಳ ರಬ್ಬರು ನನ್ನ ಬೆಂಚಿನ ಕೆಳಗೆ ಬಿದ್ದಿದ್ದರೂ ಅದನ್ನು ಮುಟ್ಟದೆ, ನಿನ್ನದು ಇಲ್ಲಿದೆ ಬಾ ಅಂತ ಅವಳನ್ನೇ ಕರೆಯುತ್ತಿದ್ದೆ.

ಮದುವೆಯಾಗಿ ಬಂದ ಮೇಲೆ ಕಂಡದ್ದು, ಕಾನೂನು ಸಿಸ್ಟರ್ ಹಾಗೆ ಎರಡಕ್ಕೆ ನಿಲ್ಲಿಸುವುದಿಲ್ಲ. ಯಜಮಾನರು ಹೇಳುತ್ತಿದ್ದರು, ನೀನು ಬಟ್ಟೆ ಒಗೆಯೋವಾಗ ಬಿಳೀದು ಬೇರೆ, ಬಣ್ಣ ಬಿಡೋದು ಬೇರೆ ಅಂತ ವಿಂಗಡಿಸಲ್ವಾ, ಹಾಗೆ. ಬೇಲ್ ಹಕ್ಕಾಗಿ ಸಿಗುವ ಅಪರಾಧ, ಕೋರ್ಟು ಮನಸ್ಸು ಮಾಡಿದರೆ ಮಾತ್ರ ಸಿಗುವ ಅಪರಾಧ. ಪೊಲೀಸರು ತಾವಾಗೇ ಹಿಡಿಯಬಹುದಾದದ್ದು, ಕೋರ್ಟಿನ ಅಪ್ಪಣೆ ಇಲ್ಲದೆ ಮುಟ್ಟಬಾರದ್ದು. ಎರಡೂ ಕಡೆಯವರು ಒಪ್ಪಿದರೆ ರಾಜಿಯಾಗಿ ಮುಗಿಯುವುದು, ಕಾಲಿಗೆ ಬಿದ್ದರೂ ರಾಜಿಗೆ ಬಾರದ್ದು. ಮೇಜಿನ ಮೇಲೆ ಬೆಂಕಿಪೊಟ್ಟಣ, ಪೆನ್ನು, ಲೋಟ ಇಟ್ಟು ಮಕ್ಕಳಿಗೆ ಹೇಳಿದ ಹಾಗೆ ಹೇಳುತ್ತಿದ್ದರು.

ನನಗೆ ಕಿಟಕಿಯಿಂದ ಕಾಣುತ್ತಿದ್ದ ವಿಂಗಡಣೆಯೇ ಬೇರೆ. ಇಸ್ಪೀಟು ಕೇಸಿನವರು ಗುಂಪಾಗಿ ನಗುತ್ತ ಬರುತ್ತಿದ್ದರು. ಅವರಲ್ಲೊಬ್ಬ ಒಂದು ಸಲ, ನಾನಂತೂ ಆವತ್ತು ಪೂರ್ತಿ ಸೋತಿದ್ದೆ ಲಾಯರೇ, ಸೋತೋನ್ನೂ ಹಿಡೀತಾರಾ, ಅಂತ ಕೇಳಿದ್ದು ನೆನಪಿದೆ. ಪಂಪ್‌ಸೆಟ್ ಕದ್ದವರು ಮೌನವಾಗಿ ಚಪ್ಪಲಿಯನ್ನು ಬಾಗಿಲಿಂದ ದೂರ ಬಿಡುತ್ತಿದ್ದರು. ಬದುವಿನ ಜಗಳದಲ್ಲಿ ತಲೆ ಒಡೆದುಕೊಂಡವರು ಗಾಯ ಮಾಯ್ದ ಮೇಲೂ ಬ್ಯಾಂಡೇಜು ಬಿಚ್ಚದೆ ಬರುತ್ತಿದ್ದರು. ಅವರೆಲ್ಲರಿಗಿಂತ ವಿನಯದ ಮನುಷ್ಯ ಅಂದರೆ ತಮ್ಮನನ್ನು ಕೊಂದ ಆಪಾದನೆ ಹೊತ್ತಿದ್ದವನು. ಕಾಫಿ ಕುಡಿದು, ಲೋಟವನ್ನು ಹೊರಗಿನ ನಲ್ಲಿಯಲ್ಲಿ ತಾನೇ ತೊಳೆದು, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದ. ಅವನ ಕೇಸಿನಲ್ಲಿ ನೋಡಿದವರೆಲ್ಲ ಕಟಕಟೆಗೆ ಬಂದಾಗ, ಮಬ್ಬುಗತ್ತಲಿತ್ತು, ಸರಿಯಾಗಿ ಕಾಣಲಿಲ್ಲ ಅಂದುಬಿಟ್ಟರು. ಬಿಡುಗಡೆಯಾದ ವಾರ ಒಂದು ಬಾಳೆಗೊನೆ ತಂದುಕೊಟ್ಟ. ಅದು ಹಣ್ಣಾಗಿ, ಕಪ್ಪಾಗಿ, ಮೂಲೆಯಲ್ಲೇ ಕೊಳೆಯಿತು. ನಮ್ಮ ಮನೆಯಲ್ಲಿ ಯಾರೂ ಒಂದು ಹಣ್ಣು ಮುರಿಯಲಿಲ್ಲ.

ಒಬ್ಬಳು ಹುಡುಗಿಯನ್ನು ಗಂಡನ ಮನೆಯವರು ವರದಕ್ಷಿಣೆಗಾಗಿ ಸುಟ್ಟ ಕೇಸೂ ಆ ಕೋಣೆಗೆ ಬಂದಿತ್ತು. ಯಜಮಾನರು ಹುಡುಗಿಯ ತಂದೆತಾಯಿಯ ಪರವಾಗಿ ಓಡಾಡುತ್ತಿದ್ದರು. ಅದು ರಾಜಿಗೆ ಬಾರದ ಅಪರಾಧ, ಹೆದರಬೇಡಿ ಅಂದಿದ್ದರು. ಕಾನೂನು ರಾಜಿ ಮಾಡಲಿಲ್ಲ ನಿಜ. ಹುಡುಗಿಯ ತಾಯಿಯೇ ಕೋರ್ಟಿನಲ್ಲಿ, ಸ್ಟವ್ ಸಿಡಿದಿದ್ದು ಇರಬೇಕು ಅಂದಳು. ಮನೆಯಲ್ಲಿ ಇನ್ನೊಬ್ಬಳು ಮದುವೆಗೆ ಇದ್ದಳು. ಆವತ್ತು ಸಂಜೆ ಯಜಮಾನರು ಊಟ ಮಾಡದೆ ಮಲಗಿದರು. ನಾನು ಸ್ಟವ್ ಹಚ್ಚುವಾಗಲೆಲ್ಲ ಎಷ್ಟೋ ದಿನ ಆ ತಾಯಿಯ ಬೆರಳುಗಳು ಕಣ್ಣಿಗೆ ಬರುತ್ತಿದ್ದವು. ನಮ್ಮ ಬೆಂಚಿನ ಮೇಲೆ ಕೂತು ಸೆರಗಿನ ಅಂಚಿನ ಒಂದೊಂದೇ ಎಳೆ ಕಿತ್ತು ಕೆಳಗೆ ಹಾಕುತ್ತಿದ್ದಳು. ಅವಳು ಹೋದ ಮೇಲೆ ಆ ದಾರದ ಚೂರುಗಳನ್ನು ಗುಡಿಸಿದವಳು ನಾನು.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಇವರ ನಡುವೆ ಬಂದ ಒಬ್ಬಳು ಹೆಣ್ಣುಮಗಳ ಕಥೆ ಹೇಳಬೇಕು ಅಂತ. ಅವಳದು ಇವೆಲ್ಲಕ್ಕಿಂತ ಸಣ್ಣ ಕೇಸು. ಬಿದ್ದ ತೆಂಗಿನಕಾಯಿಯದು.

ಅವಳ ಮನೆ ನಮ್ಮ ಹಿಂದಿನ ಬೀದಿಯಲ್ಲಿತ್ತು. ಗಂಡ ಸ್ಕೂಲಿನಲ್ಲಿ ಅಟೆಂಡರಾಗಿದ್ದವನು, ಕಾಮಾಲೆಯಾಗಿ ತೀರಿಕೊಂಡಿದ್ದ. ಒಬ್ಬಳೇ ಮಗಳು, ಪ್ರೈಮರಿಯಲ್ಲಿ ಓದುತ್ತಿದ್ದಳು. ಸರ್ಕಾರಿ ನೌಕರ ಸತ್ತರೆ ಮನೆಯವರಿಗೆ ಅನುಕಂಪದ ಮೇಲೆ ಕೆಲಸ ಕೊಡುತ್ತಾರಲ್ಲ, ಗಂಡನ ಆ ಕೆಲಸ ತನಗೆ ಬರುತ್ತದೆ ಅಂತ ಅವಳು ಕಾಯುತ್ತಿದ್ದಳು. ಏಳನೇ ಕ್ಲಾಸು ಪಾಸಾಗಿದ್ದಳು, ಆ ಕೆಲಸಕ್ಕೆ ಅಷ್ಟು ಸಾಕಿತ್ತು. ಹಾಸನದಲ್ಲಿ ಎಲ್ಲ ಆಗಿದೆ, ಇನ್ನು ಆರ್ಡರ್ ಬರೋದೊಂದು ಬಾಕಿ ಅಂತ ಸ್ಕೂಲಿನವರೇ ಹೇಳಿದ್ದರು. ಕೆಲಸಕ್ಕೆ ಹೋಗಲು ಅಂತ ತಿಳಿಬಣ್ಣದ ಎರಡು ಸೀರೆ ತೆಗೆದು ಫಾಲ್ಸ್ ಹಚ್ಚಿಸಿ ಇಟ್ಟಿದ್ದಳು. ಸ್ಕೂಲಿನ ಗಂಟೆ ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ಗಂಟೆ ಹೊಡೆದಾಗ ಅವಳೇನಾದರೂ ನಮ್ಮ ಮನೆಯಲ್ಲಿದ್ದರೆ ಮಾತು ನಿಲ್ಲಿಸಿ ತಲೆ ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಿದ್ದಳು. ತನ್ನ ಗಂಡ ಕೊನೆಯ ಏಟನ್ನು ಮೆತ್ತಗೆ ಹೊಡೆಯುತ್ತಿದ್ದನಂತೆ, ಮಕ್ಕಳು ಬೆಚ್ಚಬಾರದು ಅಂತ. ಈಗ ಯಾರು ಯಾರೋ ಹೊಡೆಯುತ್ತಾರೆ, ತಾನು ಹೋದ ಮೇಲೆ ಹಾಗೇ ಹೊಡೀತೀನಿ ಅನ್ನುತ್ತಿದ್ದಳು.

ಅವಳ ಮನೆಗೆ ಅಂಟಿಕೊಂಡ ಹಾಗೆ ಗಂಡನ ಅಣ್ಣನ ಮನೆ. ಜಮೀನಿದ್ದವನು, ಮಾದಿಹಳ್ಳಿ ಕಡೆ ಗದ್ದೆ, ಊರ ಹೊರಗೆ ತೋಟ. ಕೆಟ್ಟವನಲ್ಲ, ಸಿಟ್ಟಿನವನು. ಹಿತ್ತಿಲು ಭಾಗವಾದದ್ದು ಬಾಯಿಮಾತಿನಲ್ಲಿ. ಅಲ್ಲಿದ್ದ ಒಂದು ತೆಂಗಿನಮರ ಬುಡ ಅತ್ತ, ತಲೆ ಇತ್ತ ವಾಲಿಕೊಂಡು ನಿಂತಿತ್ತು. ಕಾಯಿ ಬಲಿತರೆ ಇವಳ ಹೆಂಚಿನ ಮೇಲೇ ಬೀಳುತ್ತಿತ್ತು. ಬಿದ್ದದ್ದನ್ನು ಇವಳು ಬಚ್ಚಲ ಒಲೆಯ ಪಕ್ಕ ಹಾಕಿಕೊಂಡಿದ್ದಳು, ಬೇಕಾದಾಗ ಒಡೆದು ಚಟ್ನಿಗೆ ಹಾಕುತ್ತಿದ್ದಳು. ಒಂದು ದಿನ ಭಾವನ ಕಣ್ಣಿಗೆ ಆ ರಾಶಿ ಬಿತ್ತು. ಮಾತಿಗೆ ಮಾತು ಬೆಳೆಯಿತು. ಒಡೆದ ಹೆಂಚು ಮಾತ್ರ ನಂದು, ಒಡೆದ ಕಾಯಿ ನಿಮ್ದಾ ಭಾವ, ಅಂತ ಇವಳು ಅಂದಳಂತೆ. ಬೀದಿಯ ಹೆಂಗಸರು ನಕ್ಕರಂತೆ. ಆ ನಗುವಿಗೆ ಅವನು ನೇರ ಸ್ಟೇಷನ್ನಿಗೆ ಹೋದ.

ಆಗ ಸುತ್ತಮುತ್ತ ತೋಟಗಳಲ್ಲಿ ಕಾಯಿ ಕಳ್ಳತನ ಬಹಳವಾಗಿತ್ತು, ಕಳ್ಳರನ್ನು ಹಿಡಿಯುತ್ತಿಲ್ಲ ಅಂತ ಪೊಲೀಸರ ಮೇಲೆ ದೂರು ಹೋಗಿತ್ತು. ಹೆಸರು ಹೇಳಿ, ಮಾಲು ಎಲ್ಲಿದೆ ಅಂತ ತೋರಿಸುವವನು ತಾನಾಗಿ ಬಂದಿದ್ದ. ಬರೆದುಕೊಂಡರು. ಬಚ್ಚಲಿಂದ ಕಾಯಿ ಹೊರಿಸಿಕೊಂಡು ಹೋದರು. ಚಟ್ನಿಯಾದದ್ದನ್ನು ಬಿಟ್ಟು, ಅಂತ ಯಜಮಾನರು ಆಮೇಲೆ ಬೇಸರದಲ್ಲಿ ತಮಾಷೆ ಮಾಡುತ್ತಿದ್ದರು. ಸಿಟ್ಟು ಇಳಿದ ಮೇಲೆ ಭಾವ ಮಾರನೇ ದಿನವೇ ಕಂಪ್ಲೇಂಟು ವಾಪಸ್ ಕೇಳಲು ಹೋದನಂತೆ. ತಗೊಂಡು ಹೋಗಿ ಸರಿ ಬರಲಿಲ್ಲ ಅಂತ ಬದಲಾಯಿಸೋಕೆ ಇದೇನು ಬಟ್ಟೆ ಅಂಗಡಿಯಾ ಅಂದು ಕಳಿಸಿದರಂತೆ.

ಹೀಗೆ ಇಬ್ಬರೂ ಒಟ್ಟಿಗೆ ನಮ್ಮ ಮುಂದಿನ ಕೋಣೆಗೆ ಬಂದರು. ಬೆಂಚಿನ ಆ ತುದಿಗೆ ಭಾವ, ಈ ತುದಿಗೆ ಅವಳು. ನಾನು ಕಿಟಕಿಯಿಂದ ಕಾಫಿ ಇಟ್ಟೆ. ಈಗ್ತಾನೆ ಕುಡ್ಕೊಂಡ್ ಬಂದೆ ಕಣಮ್ಮ ಅಂದ ಭಾವ. ನಮ್ಮ ಮನೆಗೆ ಬರುವ ಕೆಲವರು ಯಾವಾಗಲೂ ಈಗ್ತಾನೆ ಕುಡಿದೇ ಬಂದಿರುತ್ತಿದ್ದರು. ಆ ಕೋಣೆಯ ಗೋಡೆಗೆ ನಾವು ಹಾಕಿದ್ದ ಬುದ್ಧನ ಪಟದ ಮೇಲೆ ಅವರ ಕಣ್ಣು ಒಂದು ಸಲ ಹೋಗಿ ಬರುತ್ತಿತ್ತು. ನಾನು ಲೋಟ ಒಳಗೆಳೆದುಕೊಳ್ಳುತ್ತಿದ್ದೆ. ಅವಳು ಮಾತ್ರ ತನ್ನ ಲೋಟ ಎತ್ತಿಕೊಂಡಳು.

ಯಜಮಾನರು ಅವಳ ಕಡೆ ತಿರುಗಿ, ಇಬ್ಬರಿಗೂ ಕೇಳುವ ಹಾಗೆ ಬಿಡಿಸಿ ಹೇಳಿದರು. ಮರ ನಿಮ್ಮದೇ ಆದರೆ ಇದು ಏನೂ ಅಲ್ಲ. ಇಬ್ಬರದೂ ಆದರೆ ಸಿವಿಲ್, ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ. ಅವರದು ಅಂತಾದರೆ ಕಳ್ಳತನ. ಕಾಯಿ ಅದೇ, ಮರ ಅದೇ. ಆದರೆ ಮಾಲು ಸಣ್ಣದಾದರೆ ಕಾಯಿಯ ಒಡೆಯ ಒಪ್ಪಿ, ಕೋರ್ಟು ಅನುಮತಿ ಕೊಟ್ಟರೆ ರಾಜಿಗೆ ಬರುತ್ತೆ, ಕೋರ್ಟಿನ ದಿನ ಅರ್ಜಿ ಹಾಕೋಣ. ಅಷ್ಟರೊಳಗೆ ಕೋರ್ಟಿನಲ್ಲಿ ಏನು ಕೇಳಿದರೂ ನೀವು ಹೇಳಬೇಕಾದ ಮಾತು ಒಂದೇ, ನಾನು ತಪ್ಪು ಮಾಡಿಲ್ಲ ಅಂತ.

ಅವಳು ಆ ಮಾತು ಕಲಿಯಲು ನನ್ನ ಹತ್ತಿರ ಬಂದಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ನನ್ನನ್ನೇ ಜಡ್ಜು ಅಂದುಕೊಂಡು ಹೇಳು ಅಂದೆ. ನನ್ನ ಮುಖ ನೋಡಿ ಬಾಯಿ ತೆರೆದಳು, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟಳು. ಇನ್ನೊಂದು ಸಲ ಪ್ರಯತ್ನಿಸಿದಳು. ‘ನಾನು’ ಅನ್ನುವವರೆಗೆ ಬಂದು ಮುಂದೆ ಹೋಗಲಿಲ್ಲ.

“ಅಷ್ಟ್ ದೊಡ್ಡೋರು ಮೇಲ್ ಕೂತಿರ್ತಾರೆ. ಹಂಗೆ ಎದುರುತ್ತರ ಕೊಡಕ್ಕಾಯ್ತದಾ ಅಕ್ಕ?” ಅಂದಳು.

ಅದು ಎದುರುತ್ತರ ಅಲ್ಲ, ಅವರೇ ಕೇಳ್ತಾರೆ, ನೀನು ಹೇಳ್ತೀಯ ಅಷ್ಟೆ, ಅಂದೆ. ಹೂಂ ಅಂದಳು. ಆದರೆ ಅವಳ ಮುಖದಲ್ಲಿ ಆ ಮಾತು ಕೂರಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳ ಬಾಯಿಗೆ ಅದು ಬರುವ ಮಾತಲ್ಲ. ಬರುವುದು ಇನ್ನೊಂದು. ಬಸ್ಸಿನಲ್ಲಿ ಯಾರದೋ ಕಾಲು ನಮ್ಮ ಕಾಲಿಗೆ ತಗುಲಿದರೂ ನಾವೇ ಮೊದಲು ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ತಪ್ಪಾಯ್ತು ಅನ್ನುತ್ತೇವೆ. ಅನ್ನ ಆರಿದರೆ ತಪ್ಪಾಯ್ತು. ಅತ್ತೆ ಕೂಗಿದ್ದು ಕೇಳಿಸದಿದ್ದರೆ ತಪ್ಪಾಯ್ತು. ಯಾರದು ಸರಿ, ಯಾರದು ತಪ್ಪು ಅನ್ನುವ ವಿಚಾರವೇ ಆ ಮಾತಿನಲ್ಲಿ ಇರುವುದಿಲ್ಲ. ಅದು ಅರ್ಧ ಮಾತು. ಇನ್ನರ್ಧ ಎದುರಿನವರು ಹೇಳಬೇಕು, ಹೋಗ್ಲಿ ಬಿಡು ಅಂತ. ಎರಡೂ ಕೂಡಿದರೆ ಜಗಳ ಮುಗಿಯಿತು.

ಕೋರ್ಟಿಗೆ ಮುಂಚಿನ ವಾರ ಬೀದಿಯ ಹಿರಿಯರು ಅವರ ಮನೆ ಜಗಲಿಯಲ್ಲಿ ಕೂತು ಅದನ್ನು ಮಾಡಿಸಿದ್ದರು. ಇವಳು ಬಗ್ಗಿ ತಪ್ಪಾಯ್ತು ಭಾವ ಅಂದಿದ್ದಳು. ಅವನು ಮುಖ ಆಚೆ ಮಾಡಿ, ಆದರೆ ಎಲ್ಲರಿಗೂ ಕೇಳುವ ಹಾಗೆ, ಹೋಗ್ಲಿ ಬಿಡು ಅಂದಿದ್ದ. ಎಲೆ ಅಡಿಕೆ ಹಾಕಿಕೊಂಡು ಎಲ್ಲರೂ ಎದ್ದಿದ್ದರು. ಅವಳ ಲೆಕ್ಕದಲ್ಲಿ ಕೇಸು ಅಲ್ಲಿಗೆ ಮುಗಿದಿತ್ತು. ಕೋರ್ಟು ಅಂದರೆ ಇನ್ನೂ ದೊಡ್ಡ ಜಗಲಿ.

ಆ ದಿನ ಯಜಮಾನರಿಗೆ ಹಾಸನದಲ್ಲಿ ಬೇರೆ ಕೇಸಿತ್ತು. ಜೊತೆಯ ವಕೀಲರೊಬ್ಬರಿಗೆ, ರಾಜಿ ಅರ್ಜಿ ಹಾಕಿ ಅಂತ ಹೇಳಿ ಹೋಗಿದ್ದರು. ಇವಳು ಭಾವನ ಜೊತೆ ಬೆಳಗಿನ ಬಸ್ಸಿಗೆ ತಾಲ್ಲೂಕು ಕೋರ್ಟಿಗೆ ಹೋದಳು. ಸಂಜೆ ಅದೇ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದಳು. ಕೈಯಲ್ಲಿ ಬೇಕರಿ ಪೊಟ್ಟಣ, ನನ್ನ ಮಕ್ಕಳಿಗೆ ಅಂತ ಬೆಣ್ಣೆ ಬಿಸ್ಕತ್ತು. ಮುಖ ತಿಳಿಯಾಗಿತ್ತು, ಜ್ವರ ಬಿಟ್ಟವರ ಹಾಗೆ. ಮುಗೀತು ಅಕ್ಕ, ಎಲ್ಲ ಇವತ್ತೇ ಮುಗೀತು ಅಂದಳು. ಏನೋ ಒಂದಿಷ್ಟು ಕಟ್ಟು ಅಂದರಂತೆ, ಅದನ್ನೂ ಭಾವನೇ ಕಟ್ಟಿದನಂತೆ, ಹೋಟೆಲಿಗೆ ಕರೆದುಕೊಂಡು ಹೋಗಿ ತಿಂಡಿಯನ್ನೂ ಕೊಡಿಸಿದನಂತೆ. ಜಡ್ಜು ಬಹಳ ಒಳ್ಳೆಯವರಂತೆ.

“ಯಾವ ಆಫೀಸಿಗೆ ಹೋದ್ರೂ ನನ್ನ ಯಾರೂ ಕೂತ್ಕೋ ಅಂದಿಲ್ಲ ಅಕ್ಕ. ಅವರು ಕೂತ್ಕೊಳಮ್ಮ ಅಂದ್ರು. ಫ್ಯಾನ್ ಕೆಳಗೆ ಬೆಂಚು ತೋರ್ಸಿದ್ರು. ಕೋರ್ಟು ಮುಗಿಯೋಗಂಟ ಕೂತಿದ್ದೆ.”

ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಮಕ್ಕಳಿಗೆ ಬಿಸ್ಕತ್ತು ಹಂಚಿದೆ. ಅಷ್ಟರಲ್ಲಿ ಯಜಮಾನರು ಬಂದರು. ಬಾಗಿಲಲ್ಲಿ ಒಂದು ಕಾಲಿನ ಶೂ ಬಿಚ್ಚಿದ್ದರು, ಇನ್ನೊಂದರ ಲೇಸಿಗೆ ಕೈ ಹಾಕಿದ್ದರು. ಫ್ಯಾನಿನ ಕೆಳಗಿನ ಬೆಂಚಿನ ವಿಷಯ ಅವಳು ಅವರಿಗೂ ಹೇಳಿದಳು. ಅವರ ಕೈ ಅಲ್ಲೇ ನಿಂತಿತು.

“ಜಡ್ಜು ಏನು ಕೇಳಿದ್ರು?” ಅಂದರು.

“ಕಾಯಿ ತಗೊಂಡಿದ್ದು ನಿಜವಾ, ತಪ್ಪು ಒಪ್ಕೋತೀಯಾ ಅಂದ್ರು.”

“ನೀವೇನಂದ್ರಿ?”

“ಕೈ ಮುಗ್ದು ತಪ್ಪಾಯ್ತು ಬುದ್ಧಿ ಅಂದೆ ಅಣ್ಣ. ಭಾವ ಹಿಂದ್ಗಡೆ ನಿಂತಿದ್ರು. ಹೋಗ್ಲಿ ಬಿಡು ಅನ್ನಕ್ಕೆ ಬಾಯಿ ತೆಗೆದ್ರು. ಪೊಲೀಸಿನೋರು ಸದ್ದು ಅಂದ್ರು.”

“ಆಮೇಲೆ?”

“ಜಡ್ಜು ಬಗ್ಗಿ ಬರ್ಕೊಂಡ್ರು.”

ಯಜಮಾನರು ಒಂದು ಶೂನಲ್ಲೇ ಬಂದು ಬೆಂಚಿನ ಮೇಲೆ ಕೂತರು.  ನನ್ನ ಚಿಕ್ಕ ಮಗ ಬಿಸ್ಕತ್ತಿನ ಪುಡಿ ನೆಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

ಆಮೇಲೆ ಅವರು ಅವಳಿಗೆ ತಿಳಿಸಿ ಹೇಳಿದರು. ಫ್ಯಾನಿನ ಕೆಳಗೆ ಕೂರಿಸಿದ್ದು ಮರ್ಯಾದೆಗಲ್ಲ, ಅದೇ ಶಿಕ್ಷೆ. ಕೋರ್ಟು ಏಳುವವರೆಗೆ ಸಜೆ ಅಂತ ಅದಕ್ಕೆ ಹೆಸರು. ಗಂಡ ಇಲ್ಲದ ಹೆಂಗಸು, ಜೈಲಿಗೆ ಕಳಿಸಬಾರದು ಅಂತ ಆ ಜಡ್ಜು ಕರುಣೆಯಿಂದ ಹುಡುಕಿ ಕೊಟ್ಟ, ಅತಿ ಸಣ್ಣ ಶಿಕ್ಷೆ. ಭಾವ ಕಟ್ಟಿದ್ದು ದಂಡ. ಬುದ್ಧಿ ಹೇಳಿ ಹಾಗೇ ಬಿಟ್ಟು ಕಳಿಸುವ ದಾರಿಯೂ ಕಾನೂನಿನಲ್ಲಿದೆ. ಹಾಗೆ ಬಿಟ್ಟಿದ್ದರೆ ಕೆಲಸಕ್ಕೆ ಕಳಂಕ ತಟ್ಟುತ್ತಿರಲಿಲ್ಲ. ಆದರೆ ಅದನ್ನು ಯಾರಾದರೂ ಕೇಳಬೇಕಿತ್ತು. ರಾಜಿ ಅರ್ಜಿ ಹಿಡಿದು ನಿಂತಿದ್ದ ವಕೀಲರು, ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ, ಹೋಗಲಿ, ಸಣ್ಣದರಲ್ಲೇ ಇವತ್ತೇ ಮುಗಿಯಿತಲ್ಲ ಅಂದುಕೊಂಡು ಸುಮ್ಮನಾಗಿದ್ದರು. ಅವರಿಗೆ ಅವಳ ಕೆಲಸದ ವಿಷಯ ಗೊತ್ತಿರಲಿಲ್ಲ. ಜಡ್ಜಿಗೂ ಗೊತ್ತಿರಲಿಲ್ಲ.

ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ. ಕೂತಿದ್ದೇ ಶಿಕ್ಷೆಯಾ ಅಂತ ಮತ್ತೆ ಮತ್ತೆ ಕೇಳಿದಳು. ಹೋಗುವಾಗ ಬಾಗಿಲ ಹತ್ತಿರ ನಿಂತು, ನನಗೆ ಮಾತ್ರ ಕೇಳುವ ಹಾಗೆ, ಆ ಬೆಂಚಿನ ಮೇಲೆ ಕೂತು ತಾನು ಸ್ವಲ್ಪ ತೂಕಡಿಸಿಬಿಟ್ಟೆ ಅಂದಳು. ಎಷ್ಟೋ ದಿನದಿಂದ ನಿದ್ದೆ ಇರಲಿಲ್ಲವಂತೆ.

ಯಜಮಾನರು ಸುಮ್ಮನೆ ಕೂರಲಿಲ್ಲ. ಪುಸ್ತಕಗಳನ್ನು ತಿರುವಿದರು, ಅರಸೀಕೆರೆಯಲ್ಲಿದ್ದ ತಮ್ಮ ಹಿರಿಯ ವಕೀಲರ ಹತ್ತಿರ ಹೋಗಿ ಬಂದರು. ತಪ್ಪು ಒಪ್ಪಿಕೊಂಡವರಿಗೆ ಅಪೀಲಿಲ್ಲ. ಇಲ್ಲವೆಂದರೆ ಇಲ್ಲ. ಕೊಂದವನಿಗೆ ಅಪೀಲಿದೆ, ಸುಟ್ಟವನಿಗೆ ಅಪೀಲಿದೆ, ಇಲ್ಲ ಇಲ್ಲ ಅಂತ ಕೊನೆಯವರೆಗೂ ಹಟ ಹಿಡಿದವನಿಗೆ ಮೆಟ್ಟಿಲ ಮೇಲೆ ಮೆಟ್ಟಿಲಿದೆ. ಒಪ್ಪಿಕೊಂಡವರು ನೆಲದ ಮೇಲೇ ನಿಲ್ಲಬೇಕು. ಇನ್ನೊಂದು ಬಗೆಯ ಅರ್ಜಿ ಹಾಕಿ, ಆಕೆಗೆ ಆ ಪ್ರಶ್ನೆ ಅರ್ಥವಾಗಿರಲಿಲ್ಲ, ತಪ್ಪಾಯ್ತು ಅನ್ನುವುದು ನಮ್ಮಲ್ಲಿ ಬರೀ ಮರ್ಯಾದೆಯ ಮಾತು ಅಂತ ಮೇಲಿನ ಕೋರ್ಟಿನಲ್ಲಿ ವಾದಿಸಿದರು. ಕನ್ನಡದಲ್ಲೇ ಕೇಳಿದ್ದಾರೆ, ಕನ್ನಡದಲ್ಲೇ ಉತ್ತರ ಬಂದಿದೆ, ವಕೀಲರು ಪಕ್ಕದಲ್ಲೇ ಇದ್ದರು ಅಂತ ಅಲ್ಲಿ ಹೇಳಿದರು. ಕಾಗದದಲ್ಲಿ ಇದ್ದದ್ದೂ ಹಾಗೇ. ಎಲ್ಲವೂ ನಿಜವೇ. ಅರ್ಜಿ ವಜಾ ಆಯಿತು.

ಅದಾದ ಮೇಲೆ, ಕೆಲಸಕ್ಕೆ ಸೇರಿಸುವ ಮುಂಚೆ ಹಾಸನದ ಆಫೀಸಿನವರು ಪೊಲೀಸರನ್ನು ವಿಚಾರಿಸಿದ್ದಕ್ಕೆ ಸ್ಟೇಷನ್ನಿನಿಂದ ವರದಿ ಹೋಯಿತು. ಕಳ್ಳತನದ ಕೇಸಿನಲ್ಲಿ ಶಿಕ್ಷೆಯಾಗಿದೆ ಅಂತ. ಅವಳು ಹಾಸನದ ಆಫೀಸಿಗೆ ಹೋಗುವಾಗ ನಾನೂ ಜೊತೆಗೆ ಹೋಗಿದ್ದೆ. ಆ ತಿಳಿಬಣ್ಣದ ಸೀರೆಗಳಲ್ಲಿ ಒಂದನ್ನು ಉಟ್ಟು ಬಂದಿದ್ದಳು, ಮಡಿಕೆಯ ಗೆರೆ ಹಾಗೇ ಇತ್ತು. ಅಲ್ಲಿನ ಮನುಷ್ಯ ಒರಟನಲ್ಲ. ತಲೆ ಎತ್ತದೆ, ನಮ್ಮ ಕೈಲಿ ಏನೂ ಇಲ್ಲಮ್ಮ, ಮಕ್ಕಳಿರೋ ಜಾಗ ನೋಡಿ ಅಂದ. ಕಳ್ಳಿ ಅಂತ ಅವನು ಅನ್ನಲಿಲ್ಲ. ಮಕ್ಕಳಿರೋ ಜಾಗ ಅಂದ. ಅವಳು ತಪ್ಪಾಯ್ತು ಅನ್ನಲು ಬಾಯಿ ತೆರೆದದ್ದು, ಅರ್ಧಕ್ಕೆ ಮುಚ್ಚಿದ್ದು, ಎರಡನ್ನೂ ನಾನು ಪಕ್ಕದಲ್ಲಿ ನಿಂತು ನೋಡಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ದಾರಿಯುದ್ದಕ್ಕೂ ತೆಂಗಿನ ತೋಟ. ನನಗೆ ಅಪ್ಪ ಹೇಳಿಸುತ್ತಿದ್ದ ಆ ಎರಡನೆಯ ಮಾತು ನೆನಪಾಗುತ್ತಿತ್ತು. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ. ಅವಳ ಹೆಂಚಿನ ಮೇಲೆ ಬಿದ್ದ ಕಾಯಿಯನ್ನು ಕೊಟ್ಟವರು ಯಾರು? ಮರವೇ ಕೊಟ್ಟಿತು. ಆದರೆ ಮರ ಯಾವ ಕೋರ್ಟಿಗೆ ಬಂದು ಸಾಕ್ಷಿ ಹೇಳೀತು? ಹೇಳಿದರೂ, ಅವಳೇ ಒಪ್ಪಿಕೊಂಡ ಮೇಲೆ ಅದನ್ನು ಕೇಳುವವರು ಯಾರು?

ಆ ವರ್ಷಗಳಲ್ಲಿ ನಮ್ಮ ಮುಂದಿನ ಕೋಣೆಗೆ ಬಂದುಹೋದವರನ್ನು ನಾನು ಆಗಾಗ ನೆನೆಯುತ್ತೇನೆ. ಲೋಟ ತೊಳೆದಿಡುತ್ತಿದ್ದವನು ತೋಟ ನೋಡಿಕೊಂಡಿದ್ದ. ಹುಡುಗಿಯನ್ನು ಸುಟ್ಟ ಮನೆಗೆ ಎರಡನೇ ಸೊಸೆ ಬಂದಳು. ಪಂಪ್‌ಸೆಟ್ಟಿನವರ ಕೇಸು ಮುಂದಕ್ಕೆ ಮುಂದಕ್ಕೆ ಹೋಗಿ ಎಲ್ಲರಿಗೂ ಮರೆತೇಹೋಯಿತು. ಇಸ್ಪೀಟಿನವರು ಆಡುತ್ತಲೇ ಇದ್ದರು. ನನಗೆ ಗೊತ್ತಿರುವ ಮಟ್ಟಿಗೆ, ಅವರೆಲ್ಲರಲ್ಲಿ ಶಿಕ್ಷೆ ಅಂತ ಆದದ್ದು ಇವಳೊಬ್ಬಳಿಗೆ. ಯಜಮಾನರಿಗೆ ಒಂದು ಸಲ ಹಾಗಂದೆ. ಅವರು, ಗೊತ್ತು, ಹೇಳಬೇಡ ಅಂದರು. ಮೇಜಿನ ಮೇಲೆ ಬೆಂಕಿಪೊಟ್ಟಣ, ಲೋಟ ಇಟ್ಟು ಕಾನೂನು ಹೇಳುವುದನ್ನು ಆಮೇಲೆ ಬಿಟ್ಟರು.

ಅವಳು ಬಸ್ ಸ್ಟ್ಯಾಂಡಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯಲು ಸೇರಿದಳು. ಸ್ಕೂಲಿನಲ್ಲಿ ಆ ಜಾಗ ಯಾರಿಗೂ ಕೊಡದೆ ಖಾಲಿ ಉಳಿಯಿತು. ಗಂಟೆಯನ್ನು ದೊಡ್ಡ ಕ್ಲಾಸಿನ ಮಕ್ಕಳು ಸರದಿಯ ಮೇಲೆ ಹೊಡೆಯುತ್ತಿದ್ದರು.

ಎರಡು ಸಾವಿರ ಇಸವಿ ದಾಟಿ ಒಂದೆರಡು ವರ್ಷಕ್ಕೆ ಭಾವ ನಮ್ಮ ಮನೆಗೆ ಬಂದ. ವಯಸ್ಸಾಗಿತ್ತು, ಸಿಟ್ಟು ಮುಖದಿಂದ ಇಳಿದಿತ್ತು. ಹಿತ್ತಿಲನ್ನು ಮರದ ಸಮೇತ ಅವಳ ಹೆಸರಿಗೆ ಬರೆದುಕೊಡಬೇಕು, ಕಾಗದ ಮಾಡಿಕೊಡಿ ಅಂತ ಕೇಳಲು ಬಂದಿದ್ದ. ಅವಳನ್ನೂ ಕರೆಸಿದ್ದರು. ಹೋಟೆಲಿಂದಲೇ ಬಂದಿದ್ದಳು, ಕೈಬೆರಳುಗಳು ನೀರಲ್ಲಿ ನೆನೆದು ಬಿಳಿಚಿದ್ದವು. ಮತ್ತೆ ಅದೇ ಬೆಂಚು, ಆ ತುದಿಗೆ ಅವನು, ಈ ತುದಿಗೆ ಅವಳು. ನಾನು ರೂಢಿಯಂತೆ ಕಿಟಕಿಯಿಂದ ಕಾಫಿ ಇಟ್ಟೆ. ಆವತ್ತು ಅವನು ಈಗ್ತಾನೆ ಕುಡಿದೆ ಅನ್ನಲಿಲ್ಲ. ಲೋಟ ಎತ್ತಿಕೊಂಡು ನಿಧಾನವಾಗಿ ಕೊನೆಯ ಗುಟುಕಿನವರೆಗೆ ಕುಡಿದ. ಲೋಟ ಕೆಳಗಿಟ್ಟು, ಅವಳ ಕಡೆ ತಿರುಗಿದ.

“ತಪ್ಪಾಯ್ತು ಕಣಮ್ಮ,” ಅಂದ. “ದೊಡ್ಡೋನಾಗಿ ನಾನು ಸ್ಟೇಷನ್ ಮೆಟ್ಲು ಹತ್ತಬಾರ್ದಿತ್ತು.”

ಹಿರಿಯನಾದವನು ತಮ್ಮನ ಹೆಂಡತಿಗೆ ಆ ಮಾತು ಹೇಳುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಕಿಟಕಿಯ ಈಚೆ ನಾನು ಕೈಕೆಲಸ ಬಿಟ್ಟು ನಿಂತೆ. ಯಜಮಾನರೂ ಪೆನ್ನು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕಾದರು. ಮೂವರೂ ಕಾದದ್ದು ಅವಳ ಒಂದೇ ಮಾತಿಗೆ, ಹೋಗ್ಲಿ ಬಿಡಿ ಭಾವ ಅನ್ನುವುದಕ್ಕೆ.

ಅವಳು ಅವನ ಕಡೆ ನೋಡಲೇ ಇಲ್ಲ. ಯಜಮಾನರ ಪೆನ್ನನ್ನು ನೋಡುತ್ತಿದ್ದಳು.

“ಇದನ್ನ ಬರ್ಕೊಳ್ಳೋರು ಯಾರೂ ಇಲ್ವಾ ಅಣ್ಣ?” ಅಂದಳು.

ಸಿಟ್ಟಿನಿಂದ ಕೇಳಿದ್ದಲ್ಲ. ಬಸ್ ಬಂತಾ ಅಂತ ಕೇಳುತ್ತಾರಲ್ಲ, ಹಾಗೆ ಕೇಳಿದಳು. ಯಜಮಾನರು ಪೆನ್ನಿನ ಮುಚ್ಚಳ ಹಾಕಿದರು. ಭಾವ ಖಾಲಿ ಲೋಟವನ್ನು ಮತ್ತೆ ಎತ್ತಿಕೊಂಡು, ಅದರೊಳಗೆ ನೋಡಿ, ಮತ್ತೆ ಕೆಳಗಿಟ್ಟ.  ಅಷ್ಟರಲ್ಲಿ ಸ್ಕೂಲು ಬಿಡುವ ಗಂಟೆಯಾಯಿತು. ಅವಳು ಹಳೆಯ ಅಭ್ಯಾಸದಲ್ಲಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳಿದಳು. ಯಾವುದೋ ಮಗು ಮನೆಗೆ ಹೋಗುವ ಆತುರದಲ್ಲಿ ಬಡಿಯುತ್ತಿತ್ತು. ಕೊನೆಯ ಏಟೂ ಮೆತ್ತಗಿರಲಿಲ್ಲ.